ಗುಳಿಗೆಗೆ ಹೇಳದ ಸ್ತೋತ್ರ

ದೇವರ ಆಲಯದಲ್ಲಿ ನಿಂತು, ದೇವರಿಗೆ ಸ್ತೋತ್ರ ಹೇಳುತ್ತಲೇ ನಾನು ಸುಳ್ಳು ಹೇಳಿದ್ದೇನೆ. ನನ್ನ ಮಗಳು ರೂತ್‌ಳ ಮೂರ್ಛೆ ರೋಗ ಪೂರ್ತಿ ವಾಸಿಯಾಗಿದೆ ಎಂದೆ. ಹೊರಗೆ ಅಂಗಳಕ್ಕೆ ಬಂದು, ಗುಳಿಗೆಯನ್ನೂ ಬಿಟ್ಟಿದ್ದೇವೆ ಎಂದೆ. ರೋಗ ವಾಸಿಯಾಗಿರಲಿಲ್ಲ, ಗುಳಿಗೆ ಬಿಟ್ಟಿರಲೂ ಇಲ್ಲ. ಆ ಮಾತನ್ನು ನಂಬಿ ಮನೋಳಿಯ ಶಾಂತವ್ವ ತನ್ನ ಮಗಳ ಗುಳಿಗೆ ಬಿಡಿಸಿದಳು. ಆ ಹುಡುಗಿ ಈಗ ಇಲ್ಲ.

ಹೇಳಬೇಕಾದ್ದು ಇಷ್ಟೇ. ಇಷ್ಟನ್ನು ಬಾಯಿಂದ ಹೊರಗೆ ಹಾಕಲು ನನಗೆ ಇಷ್ಟು ವರ್ಷ ಹಿಡಿಯಿತು — ಅದೂ ನಾನಾಗಿ ಹೇಳಲಿಲ್ಲ, ಸಿಕ್ಕಿಬಿದ್ದು ಹೇಳಿದೆ.

ಸವದತ್ತಿಯಲ್ಲಿ ನಮ್ಮದು ಸಣ್ಣ ಸಂಸಾರ. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಾನು ಮನೆಯಲ್ಲೇ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರ ಜಂಪರ್ ಹೊಲಿಯುತ್ತಿದ್ದೆ. ಇಬ್ಬರ ನಡುವೆ ರೂತ್ ಒಬ್ಬಳೇ. ನಮ್ಮ ಮನೆಯಲ್ಲಿ ಬೆಳಗಾಗುವುದೇ ಸ್ತೋತ್ರದಿಂದ. ಎದ್ದು ಕೂತರೆ ಸ್ತೋತ್ರ, ನಳಕ್ಕೆ ನೀರು ಬಂದರೆ ಸ್ತೋತ್ರ, ಹೆಂಚಿನ ಮೇಲೆ ರೊಟ್ಟಿ ಉಬ್ಬಿದರೆ ಸ್ತೋತ್ರ. ಎದುರುಮನೆಯ ಬಸವ್ವ ಜಂಪರ್ ಅಳತೆ ಕೊಡಲು ಬಂದಾಗಲೆಲ್ಲ ನಗುತ್ತಿದ್ದಳು: "ಸುನಂದಾಬಾಯಾರು ಸೂಜಿಗೆ ದಾರಾ ಹಾಕಿದ್ರೂ ಸ್ತೋತ್ರ ಅಂತಾರ ನೋಡ್ರಿ!" ನಾನೂ ಬಿಡುತ್ತಿರಲಿಲ್ಲ. "ನೀ ಒಮ್ಮೆ ದಾರಾ ಹಾಕಿ ನೋಡವಾ, ನಿನ್ನ ಬಾಯಾಗೂ ಬರತೈತಿ" ಎನ್ನುತ್ತಿದ್ದೆ. ನನ್ನ ನಾಲಿಗೆ ಮೊದಲಿನಿಂದಲೂ ಚುರುಕು. ಆ ನಾಲಿಗೆಯೇ ನನ್ನನ್ನು ತಿಂದಿದ್ದು.

ಆದರೆ ಆ ಸ್ತೋತ್ರಗಳು ಸುಳ್ಳಾಗಿರಲಿಲ್ಲ. ಇದನ್ನು ನೀವು ನಂಬಬೇಕು — ನಂಬದಿದ್ದರೂ ನಾನು ಏನೂ ಅನ್ನುವಂತಿಲ್ಲ. ಉಳ್ಳವರಿಗೆ ಸಾವಿರ ಇರುತ್ತವೆ. ನಮ್ಮಂಥವರಿಗೆ ಆ ದಿನದ ರೊಟ್ಟಿ, ಆ ದಿನದ ಕೆಲಸ. ಅವನ್ನು ಯಾರೋ ಕೊಟ್ಟರು ಎಂದುಕೊಂಡರೆ ಮನೆ ತುಂಬಿದಂತೆ ಅನಿಸುತ್ತಿತ್ತು.

ರೂತ್ ಐದನೆಯ ಇಯತ್ತೆಯಲ್ಲಿದ್ದಾಗ ಸಾಲೆಯಲ್ಲಿ ಮೊದಲ ಸಲ ಬಿದ್ದಳು. ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು… ಬೇಡ, ಕಂಡವರಿಗೆ ಗೊತ್ತು. ಧಾರವಾಡದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಗುಳಿಗೆ ಬರೆದುಕೊಟ್ಟು, ಬೆರಳೆತ್ತಿ ಹೇಳಿದರು: "ದಿನಾ ತಪ್ಪದಂಗ ಕೊಡ್ರಿ. ಆರಾಮ ಅದಾಳ ಅಂತ ನೀವ ಬಿಡಿಸಿದ್ರಿ ಅಂದ್ರ ಜೀವಕ್ಕ ಬರತೈತಿ." ನಾವು ಒಂದು ಹೊತ್ತೂ ತಪ್ಪಿಸಲಿಲ್ಲ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಂದು, ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಒಂದು. ಹುಡುಗಿ ಚೇತರಿಸಿಕೊಂಡಳು. ರೊಟ್ಟಿಗೂ ನೀರಿಗೂ ಸ್ತೋತ್ರ ಹೇಳುವ ನನಗೆ ಆ ಗುಳಿಗೆಗೆ ಹೇಳಬೇಕೆಂದು ಎಂದೂ ತೋಚಲಿಲ್ಲ. ಅದು ನಾಚಿಕೆಯ ವಸ್ತು. ಮಷಿನಿನ ಡ್ರಾದಲ್ಲಿ ಗುಂಡಿಗಳ ಡಬ್ಬಿಯ ಹಿಂದೆ ಇರುತ್ತಿತ್ತು.

ಒಮ್ಮೆ ಜ್ವರ ಬಂದು ಗುಳಿಗೆ ವಾಂತಿಯಾದ ದಿನ, ಆಲಯದಲ್ಲಿ ಹಾಡು ನಡೆದಿರುವಾಗಲೇ ರೂತ್ ಬಿದ್ದಳು. ಯಾರೋ ಓಡಿ ಬಂದು ಅವಳ ಕೈಯಲ್ಲಿ ಕೀಲಿ ಹಿಡಿಸಿದರು. ಇಡೀ ಸಭೆ ನೋಡಿತು. ಆಮೇಲೆ ಅವಳು ವರ್ಷಗಟ್ಟಲೆ ಬೀಳಲಿಲ್ಲ, ಆದರೆ ಜನ ಮರೆಯಲಿಲ್ಲ. "ಚಲೋ ಹುಡುಗಿ, ಆದ್ರ ಆ ಬ್ಯಾನಿ ಐತ್ಯಲ್ಲ…" — ಈ ಮಾತು ನನ್ನ ಕಿವಿಗೆ ಬೀಳುವಂತೆಯೇ ಆಡುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬೈಲಹೊಂಗಲದ ಎಸ್ತೇರಮ್ಮ ಎಂಬವರು ತಮ್ಮ ಮಗನಿಗಾಗಿ ರೂತ್‌ಳನ್ನು ನೋಡುವ ಮನಸ್ಸು ಮಾಡಿ, ಒಂದು ಭಾನುವಾರ ನಮ್ಮ ಆರಾಧನೆಗೆ ಬಂದರು. ನಮ್ಮ ಸಭೆಯಲ್ಲಿ ಹಾಡುಗಳಾದ ಮೇಲೆ ಸಾಕ್ಷಿಯ ಸಮಯ ಇರುತ್ತದೆ. ಆ ವಾರ ದೇವರು ಯಾರಿಗೆ ಏನು ಉಪಕಾರ ಮಾಡಿದನೋ ಅವರು ಎದ್ದು ನಿಂತು ಹೇಳಬೇಕು. ಉಳಿದವರು ಆಮೆನ್ ಅನ್ನಬೇಕು. ಎಮ್ಮೆ ಈದದ್ದು, ಕೋರ್ಟಿನ ಕೆಲಸ ಆದದ್ದು, ಬಸ್ಸು ಪಲ್ಟಿಯಾದರೂ ಮೈಗೆ ಗೀರು ಆಗದ್ದು — ಎಲ್ಲ ಅಲ್ಲಿ ಬರುತ್ತವೆ.

ನಾನು ಎದ್ದು ನಿಂತೆ. ಯಾರೂ ನನ್ನನ್ನು ಎಬ್ಬಿಸಲಿಲ್ಲ. ಪಾಸ್ಟರ್ ಹೇಳಿಕೊಡಲಿಲ್ಲ. ಅವರು ಔಷಧವನ್ನು ಬೇಡವೆಂದವರೇ ಅಲ್ಲ. ಅವರ ಮೇಲೆ ಹಾಕಲು ಏನೂ ಇಲ್ಲ. ಎಸ್ತೇರಮ್ಮನವರಿಗೆ ಕೇಳಿಸಲಿ ಎಂದೇ ದನಿ ಏರಿಸಿ ಹೇಳಿದೆ: "ಸಭೆಯವರೆಲ್ಲರೂ ನೋಡಿದ್ರಿ ನನ್ನ ಮಗಳು ಇಲ್ಲೇ ಬಿದ್ದದ್ದು. ಕರ್ತನು ಆಕೀನ್ನ ಪೂರಾ ಗುಣಾ ಮಾಡ್ಯಾನ. ಆತಗ ಸ್ತೋತ್ರ." ಆಮೆನ್ ಎಂದು ಸಭೆ ಮೊಳಗಿತು. ನನ್ನ ಕಣ್ಣಲ್ಲಿ ನೀರೂ ಬಂತು. ಆ ನೀರು ನಿಜವೋ ನಾಟಕವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಇಲ್ಲಿಗೆ ಮುಗಿದಿದ್ದರೆ… ಇಲ್ಲ, ಮುಗಿಯಲಿಲ್ಲ.

ಆರಾಧನೆ ಮುಗಿದು ಹೊರಗೆ ಬೇವಿನ ಗಿಡದ ಕೆಳಗೆ ಚಹಾ ಕುಡಿಯುತ್ತ ನಿಂತಿದ್ದೆವು. ಎಸ್ತೇರಮ್ಮ ನನ್ನ ಪಕ್ಕದಲ್ಲೇ ಇದ್ದರು. ಶಾಂತವ್ವ ಮಗಳ ಜೊತೆ ಬಂದಳು. ಗಂಡ ಸತ್ತವಳು, ಮನೋಳಿಯಲ್ಲಿ ಕಂಡವರ ಹೊಲದಲ್ಲಿ ಕೂಲಿ ಮಾಡಿ ಒಬ್ಬಳೇ ಮಗಳನ್ನು ಸಾಕಿದವಳು. ವಾರ ತಪ್ಪದೆ ಮೊದಲ ಬಸ್ಸಿಗೆ ಬಂದು ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಮಗಳು ಕರುಣಾ, ರೂತ್‌ಳ ವಾರಿಗೆಯವಳು. ಅವಳಿಗೂ ಇದೇ ರೋಗ, ಇದೇ ಧಾರವಾಡದ ಗುಳಿಗೆ. ಶಾಂತವ್ವ ನನ್ನ ಎರಡೂ ಕೈ ಹಿಡಿದುಕೊಂಡು ಕೇಳಿದಳು:

"ಅಕ್ಕಾರ, ಗುಳಿಗಿ ಪೂರಾ ಬಿಟ್ರೇನ್ರಿ?"

ಎಸ್ತೇರಮ್ಮನವರ ಚಹಾದ ಕಪ್ ಬಾಯಿಯ ಹತ್ತಿರವೇ ನಿಂತಿತು. ನಾನು ಅದನ್ನು ನೋಡಿದೆ.

"ಹೂಂ, ಬಿಟ್ಟೀವಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ್ದು ಎರಡೇ ಶಬ್ದ. ಶಾಂತವ್ವನ ಮುಖ ಅರಳಿದ್ದು ಕಂಡಿತು. ಅವಳು ಕರುಣಾಳ ಕಡೆ ತಿರುಗಿ "ಕೇಳಿದೇನವಾ?" ಎಂದಳು. ಆಗಲಾದರೂ ಅವಳ ಸೆರಗು ಹಿಡಿದು ಪಕ್ಕಕ್ಕೆ ಎಳೆದು, ಕಿವಿಯಲ್ಲಿ "ನೀ ಬಿಡಿಸಬ್ಯಾಡ" ಅಂದಿದ್ದರೆ ಸಾಕಿತ್ತು. ಬಸ್ಸಿಗೆ ಇನ್ನೂ ವೇಳೆ ಇತ್ತು. ನಾನು ಎಸ್ತೇರಮ್ಮನವರಿಗೆ ಇನ್ನೊಂದು ಕಪ್ ಚಹಾ ಹಾಕಿಸಿದೆ.

ಮನೆಗೆ ಬಂದು ಸಂಜೆಯ ಗುಳಿಗೆಯನ್ನು ರೂತ್‌ಳ ಅಂಗೈಯಲ್ಲಿಟ್ಟೆ. ಅವಳು ಅದನ್ನೇ ನೋಡುತ್ತ ಕೂತಳು. ಆಮೇಲೆ ಕೇಳಿದಳು: "ಅವ್ವಾ, ಇದನ್ನ ಯಾರು ಕೊಟ್ರು ಅಂತ ಸ್ತೋತ್ರ ಹೇಳ್ಲಿ?"

"ಸುಮ್ಮನ ನುಂಗ" ಎಂದು ಗದರಿದೆ.

ಕೆಲವು ತಿಂಗಳು ಕಳೆದವು. ರೂತ್‌ಳ ಲಗ್ನದ ಮಾತು ಗಟ್ಟಿಯಾಯಿತು. ಶಾಂತವ್ವ ಪ್ರತಿ ವಾರ ಕಾಣುತ್ತಿದ್ದಳು. ಕರುಣಾ ಹೇಗಿದ್ದಾಳೆಂದು ನಾನು ಕೇಳುತ್ತಿರಲಿಲ್ಲ. ಕೇಳಿದರೆ ಗುಳಿಗೆಯ ಮಾತು ಬರುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ನಾನು ದೂರದಿಂದಲೇ ನಕ್ಕು ತಿರುಗಿಬಿಡುತ್ತಿದ್ದೆ. ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡಿದ್ದೆ: ಅವಳು ಬಿಡಿಸಿರಲಿಕ್ಕಿಲ್ಲ. ಡಾಕ್ಟರರು ಅವಳಿಗೂ ಹೇಳಿರುತ್ತಾರಲ್ಲ.

ಒಂದು ಮಧ್ಯಾಹ್ನ ಸುದ್ದಿ ಬಂತು. ಕರುಣಾ ಮಲಪ್ರಭೆಯಲ್ಲಿ ಬಟ್ಟೆ ಒಗೆಯಲು ಹೋಗಿದ್ದಳು. ನೀರು ಮೊಣಕಾಲಿಗೂ ಇರಲಿಲ್ಲವಂತೆ. ಮೂರ್ಛೆ ಬಂದು ಮುಖ ಅಡಿಯಾಗಿ ಬಿದ್ದಿದ್ದಾಳೆ. ಜೊತೆಗಿದ್ದವರು ಕಲ್ಲಿನ ಆಚೆ ಬಟ್ಟೆ ಒಣಹಾಕುತ್ತಿದ್ದರು.

ಮಣ್ಣಿಗೆ ಹೋದೆ. ಹೋಗದೆ ಇರಲು ಹೇಗೆ ಸಾಧ್ಯ? ಎಲ್ಲ ಮುಗಿದ ಮೇಲೆ ಶಾಂತವ್ವ ಗೋಡೆಗೆ ಆತು ಕೂತಿದ್ದಳು. ಅಳು ಕೂಡ ಬತ್ತಿತ್ತು. ನನ್ನನ್ನು ಕಂಡು ಹತ್ತಿರ ಕರೆದು ಕೇಳಿದಳು:

"ಅಕ್ಕಾರ, ನಿಮ್ಮ ಮಗಳಿಗೆ ಆತು. ನನ್ನ ಮಗಳಿಗೆ ಯಾಕ ಆಗಲಿಲ್ರಿ? ನನ್ನ ನಂಬಿಕಿ ಕಡಿಮಿ ಬಿತ್ತೇನ್ರಿ?"

ಅಯ್ಯೋ ದೇವರೇ. ಅಲ್ಲೇ, ಆ ನೆಲದ ಮೇಲೆ, ಸತ್ಯ ಹೇಳಿ ಅವಳ ಕಾಲು ಹಿಡಿದುಕೊಳ್ಳಬಹುದಿತ್ತು. ಆದರೆ ಬಾಯಿಂದ ಬಂದದ್ದು ಬೇರೆ — "ಹಂಗೆಲ್ಲಾ ಅನಬ್ಯಾಡ ಶಾಂತವ್ವಾ. ಪ್ರಾರ್ಥನಿ ಮಾಡೂಣು ಬಾ." ಅವಳ ಕೈ ಹಿಡಿದು, ತಲೆಯ ಮೇಲೆ ಸೆರಗೆಳೆದು, ಕಣ್ಣು ಮುಚ್ಚಿದೆ. ಬಹಳ ಚೆಂದಾಗಿ ಪ್ರಾರ್ಥಿಸಿದೆನಂತೆ. ಅಲ್ಲಿದ್ದವರು ಆಮೇಲೆ ಹೇಳಿದರು. ಅವಳ ಕಣ್ಣು ನೋಡುವುದನ್ನು ತಪ್ಪಿಸಿಕೊಳ್ಳಲು ನಾನು ದೇವರ ಹೆಸರು ಹಿಡಿದುಕೊಂಡಿದ್ದೆ. ಮೊದಲಿನ ಸುಳ್ಳಿಗಿಂತ ಇದು ಕೀಳು ಎಂದು ನನಗೆ ಅನಿಸುತ್ತದೆ.

ಅಂದಿನಿಂದ ಶಾಂತವ್ವ ಪ್ರತಿ ಶುಕ್ರವಾರ ಉಪವಾಸ ಹಿಡಿದಳು. ತನ್ನ ಅಪನಂಬಿಕೆಯನ್ನು ಕ್ಷಮಿಸು ಎಂದು ಬೇಡಿಕೊಳ್ಳುವ ಉಪವಾಸ. ರೂತ್‌ಳ ಲಗ್ನಕ್ಕೂ ಬಂದಳು. ಅವಳ ತಲೆಯ ಮೇಲೆ ಕೈಯಿಟ್ಟು "ನಿನ್ನ ನೋಡಿದ್ರ ದೇವರು ಅದಾನ ಅನಸತೈತಿ ಮಗಳ" ಎಂದಳು. ರೂತ್ ನನ್ನ ಕಡೆ ನೋಡಿದಳು. ನಾನು ಅಡುಗೆಯವರನ್ನು ಕೂಗುತ್ತ ಒಳಗೆ ಹೋದೆ.

ಅಂದಿನಿಂದ ನನ್ನ ಸ್ತೋತ್ರಗಳು ಕೆಟ್ಟವು. ಬಾಯಿ ಹೇಳುತ್ತಿತ್ತು — ನಳದ ಮುಂದೆ, ಹೆಂಚಿನ ಮುಂದೆ, ಮಷಿನಿನ ಮುಂದೆ — ಮನಸ್ಸು ಒಂದಕ್ಕೂ ಬರುತ್ತಿರಲಿಲ್ಲ. ರೂತ್ ಆರಾಮ ಇದ್ದಾಳೆ ಎಂದು ಸ್ತೋತ್ರ ಹೇಳಹೋದರೆ ಕರುಣಾ ಕಣ್ಣ ಮುಂದೆ ನಿಲ್ಲುತ್ತಿದ್ದಳು. ಸತ್ಯ ಹೇಳಿದರೆ ರೂತ್‌ಳ ಸಂಸಾರ ಮುರಿಯುತ್ತದೆ, ಹೇಳದಿದ್ದರೆ ಶಾಂತವ್ವ ಸಾಯುವವರೆಗೂ ತನ್ನನ್ನೇ ತಾನು ಶಪಿಸಿಕೊಳ್ಳುತ್ತಾಳೆ. ಏನು ಮಾಡಲಿ, ಏನು ಮಾಡಲಿ ಎಂದು ಹೊಲಿಯುತ್ತ ಕೂತೆ. ಏನೂ ಮಾಡಲಿಲ್ಲ.

ಆ ನೆಪವೂ ನನಗೆ ಉಳಿಯಲಿಲ್ಲ. ಚೊಚ್ಚಲ ಬಾಣಂತನಕ್ಕೆ ಬಂದಾಗ ರೂತ್ ಹೇಳಿದಳು: "ಅವ್ವಾ, ಗುಳಿಗಿ ವಿಷಯ ನಮ್ಮ ಮನ್ಯಾಗ ಮೊದಲ ಗೊತ್ತೈತಿ. ಲಗ್ನಾದ ಹೊಸದಾಗೇ ಅತ್ತಿ ನೋಡಿದ್ರು. ಯಾಕ ಮುಚ್ಚಿಡತಿ, ತಪ್ಪದಂಗ ತಗೊ ಅಂದ್ರು. ಈಗ ತಂದು ಕೊಡೋದೂ ಅವರ."

ನಾನು ಯಾರಿಗೆ ಅಂಜಿ ಸುಳ್ಳು ಹೇಳಿದ್ದೆನೋ ಆ ಎಸ್ತೇರಮ್ಮನೇ ಬೈಲಹೊಂಗಲದ ಔಷಧ ಅಂಗಡಿಯಿಂದ ನನ್ನ ಮಗಳಿಗೆ ಗುಳಿಗೆ ತಂದು ಕೊಡುತ್ತಿದ್ದರು. ಇನ್ನು ಹೇಳಲು ಅಡ್ಡಿ ಏನಿತ್ತು? ಏನೂ ಇರಲಿಲ್ಲ. ಆದರೂ ನಾನು ಮನೋಳಿಯ ಬಸ್ಸು ಹತ್ತಲಿಲ್ಲ. ಒಂದು ವರ್ಷವಲ್ಲ — ಮೊಮ್ಮಗ ಸಾಲೆಗೆ ಹೋಗುವಷ್ಟು ದೊಡ್ಡವನಾಗುವವರೆಗೂ ಹತ್ತಲಿಲ್ಲ. ಮಗಳಿಗಾಗಿ ಮುಚ್ಚಿಟ್ಟೆ ಎಂದು ಇನ್ನು ನಾನು ಹೇಳಲಾರೆ. ನನಗಾಗಿ ಮುಚ್ಚಿಟ್ಟೆ.

ಈಚೆಗೆ ಒಂದು ಭಾನುವಾರ, ಅದೇ ಅಂಗಳದಲ್ಲಿ, ಶಾಂತವ್ವ ಒಬ್ಬ ಹರೆಯದ ತಾಯಿಯನ್ನು ನನ್ನ ಹತ್ತಿರ ಕರೆತಂದಳು. ಆಕೆಯ ಹೆಗಲ ಮೇಲೆ ಮಗು ಮಲಗಿತ್ತು.

"ಅಕ್ಕಾರ, ಈ ಕೂಸಿಗೂ ಅದ ಬ್ಯಾನಿ ಐತಿ. ನಿಮ್ಮ ಸಾಕ್ಷಿ ಹೇಳ್ರಿ ಈಕಿಗೆ. ನನ್ನಂಗ ಅರ್ಧಾ ನಂಬಿ ಕೂಸಿನ ಕಳಕೋಬ್ಯಾಡ ಅಂತ ಹೇಳೇನಿ."

ನಾನು ಮಗುವಿನ ಮುಖ ನೋಡಿದೆ. ಬಾಯಿ ತೆರೆದು ಮಲಗಿತ್ತು.

"ಗುಳಿಗಿ ಬಿಡಿಸಬ್ಯಾಡ್ರಿ" ಎಂದೆ. ದನಿ ನನ್ನದೆಂದು ಅನಿಸಲಿಲ್ಲ. "ರೂತ್ ಇನ್ನೂ ತಗೋತಾಳ. ಎಂದೂ ಬಿಟ್ಟಿಲ್ಲ. ಅವತ್ತ ನಾ ಸುಳ್ಳ ಹೇಳಿದ್ನಿ ಶಾಂತವ್ವಾ."

ಆ ತಾಯಿ ಮಗುವನ್ನು ಅವುಚಿಕೊಂಡು ಹಿಂದೆ ಸರಿದಳು. ಶಾಂತವ್ವ ಕೂಗಲಿಲ್ಲ, ನನ್ನ ಕೆನ್ನೆಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ನೆಲ ನೋಡುತ್ತ ಸಣ್ಣ ದನಿಯಲ್ಲಿ,

"ಹಂಗಾರ… ಗುಳಿಗಿ ಕೊಟ್ಟಿದ್ರ ಇರತಿದ್ಳು" ಎಂದಳು. "ಬಿಡಿಸಿದಾಕಿ ನಾನ ಅಲ್ಲೇನ್ರಿ, ಅಕ್ಕಾರ?"

ಇದನ್ನು ನಾನು ಎಣಿಸಿಯೇ ಇರಲಿಲ್ಲ. ಸತ್ಯ ಹೇಳಿದರೆ ಅವಳ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಒಂದು ಭಾರ ಇಳಿಸಿ ಅದಕ್ಕಿಂತ ದೊಡ್ಡದನ್ನು ಹೊರಿಸಿದ್ದೆ. ಹಳೆಯ ಚಟದಂತೆ, ಅವಳ ಕೈಗೆ ಕೈ ಚಾಚಿ "ಪ್ರಾರ್ಥನಿ…" ಎಂದೆ. ಅವಳು ಕೈ ಎಳೆದುಕೊಂಡಳು. "ಬ್ಯಾಡ್ರಿ."

ಮುಂದಿನ ಭಾನುವಾರ ಸಾಕ್ಷಿಯ ಸಮಯದಲ್ಲಿ ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಯಾರೂ ಆಮೆನ್ ಅನ್ನಲಿಲ್ಲ. ಕೊನೆಯ ಸಾಲಿನಲ್ಲಿ ಶಾಂತವ್ವನ ಜಾಗ ಖಾಲಿ ಇತ್ತು. ಅದರ ಮುಂದಿನ ವಾರವೂ ಖಾಲಿ.

ಕೊನೆಗೂ ಮನೋಳಿಗೆ ಹೋದೆ. ಬಾಗಿಲಲ್ಲಿ ನನ್ನನ್ನು ಕಂಡು "ಬರ್ರಿ" ಎಂದಳು. ಕೈಕಾಲಿಗೆ ನೀರು ಕೊಟ್ಟಳು. ಊಟದ ಹೊತ್ತು. ಬೇಡವೆಂದರೂ ಎರಡು ತಾಟಿಗೆ ರೊಟ್ಟಿ, ಪಲ್ಯ ಹಾಕಿ ಎದುರಿಗೆ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಅಲ್ಲೇ ಹೇಳಿದೆ.

"ಬಿಡಿಸಿದಾಕಿ ನೀ ಅಲ್ಲ ಶಾಂತವ್ವಾ. ನಾನು. ನಿನ್ನ ಕೈಲೇ ಬಿಡಿಸಿದಾಕಿ ನಾನು."

ಗುಟುಕು ನೀರಿಗೂ ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತಿದ್ದ ಹೆಂಗಸು — ತಲೆಯ ಮೇಲೆ ಸೆರಗು ಎಳೆದುಕೊಳ್ಳಲಿಲ್ಲ. ಕೈ ಜೋಡಿಸಲಿಲ್ಲ. ಸುಮ್ಮನೆ ರೊಟ್ಟಿ ಮುರಿದಳು.

"ಉಣ್ರಿ ಅಕ್ಕಾರ" ಎಂದಳು. "ಆರತೈತಿ."