ಪುಸೊ ಒಂದು ಅಕ್ಷರ

ದೆರ್ಲಿಸ್ ಓವೆಲಾರ್ ಲಂಬಾರೆ ಊರಲ್ಲಿ ಟೀವಿ ರಿಪೇರಿ ಮಾಡ್ತಿದ್ದ. ಆರನೇ ಕ್ಲಾಸಿಗೇ ಓದು ಬಿಟ್ಟೋನು. ಕೆಟ್ಟ ಕಂಪ್ಯೂಟರ್ ಬಿಚ್ಚಿ ಬಿಚ್ಚಿ ಪ್ರೋಗ್ರಾಂ ಬರೆಯೋದು ಕಲಿತ.

ಪಕ್ಕದ ಬೀದಿ ಸುನಿಲ್ದಾ ಟೀಚರ್ ಇಪ್ಪತ್ತು ವರ್ಷದಿಂದ ಜನ ಆಡೋ ಗ್ವಾರಾನಿ ಭಾಷೆಯ ಮಾತು ಬರೆದಿಟ್ಟಿದ್ರು. ಅದ್ರಿಂದ ಶಾಲೆ ಮಕ್ಕಳಿಗೆ ಪದಕೋಶ ಆಗ್ಬೇಕು. ಕಂಪ್ಯೂಟರಲ್ಲಿ ಪದ ಆರಿಸೋ ಕೆಲಸ ದೆರ್ಲಿಸ್‌ದು. ಶಾಲೆಗಳಲ್ಲಿ ಪ್ರೋಗ್ರಾಂ ಓಡಿಸೋ ಪುಕ್ಕಟೆ ಸ್ಕ್ರಿಪ್ಟ್ ಎಂಜಿನ್ನು ಸಾಲಿನ ಮೊದಲನೇ ಪದ ಹುಡುಕಿ ಕೊಟ್ಟು ಸುಮ್ಮನಾಗೋದು. ಎಲ್ಲಾ ಪದ ಒಟ್ಟಿಗೆ ಕೊಡೋ ಮೆಥಡ್ಡೇ, ಅಂದ್ರೆ ಆ ಕೆಲಸ ಮಾಡೋ ತುಣುಕು ಪ್ರೋಗ್ರಾಮೇ, ಅದ್ರಲ್ಲಿ ಇರ್ಲಿಲ್ಲ.

ಇನ್ನೊಂದು ತೊಂದರೆ ಪುಸೊ. ಗಂಟಲಲ್ಲಿ ಉಸಿರು ಹಿಡಿದು ಬಿಡೋ ಸದ್ದು, ಬರೆಯೋವಾಗ ಮೇಲೊಂದು ಸಣ್ಣ ಗೀಟು. ಗ್ವಾರಾನೀಲಿ ಅದೂ ಒಂದು ಅಕ್ಷರ. ಮಾಂಸಕ್ಕೆ ಸೊ'ಒ ಅಂತಾರೆ. ಎಂಜಿನ್ನು ಅದನ್ನ ಸೊ ಬೇರೆ, ಒ ಬೇರೆ ಮಾಡೋದು.

"ಕಟುಕನ ಹತ್ರ ಹೋಗೋದೇ ಬೇಡ, ಇದೇ ಕತ್ತರಿಸಿ ಕೊಡುತ್ತೆ," ಅಂದ್ಲು ಹೆಂಡತಿ ನಿಮಿಯಾ, ತೆರೆರೆ ಕುಡಿಯೋ ಸೊಪ್ಪಿಗೆ ತಣ್ಣೀರು ಹುಯ್ತಾ.

ದೆರ್ಲಿಸ್ ಮೂರು ವಾರ ಕೂತು ಮೆಥಡ್ ಬರೆದ. ಪುಸೊ ಇರೋ ಪದಾನೂ ಇಡಿಯಾಗೇ ಬಂತು. ಎಂಜಿನ್ ನೋಡ್ಕೊಳ್ಳೋ ದೂರದೇಶದೋರಿಗೆ ಕಳಿಸಿದ. ಅವರು ಸೇರಿಸ್ಕೊಂಡ್ರೆ ಎಲ್ಲಾ ಶಾಲೆಗೂ ತಾನಾಗೇ ಹೋಗುತ್ತೆ.

ಸೇರಿಸ್ಕೊಂಡ್ರು. ದೆರ್ಲಿಸ್ ಹೆಸರೂ ಹಾಕಿದ್ರು. ಪುಸೊ ಮಾತ್ರ ಕಿತ್ತು ಹಾಕಿದ್ರು. "ಕೆಲಸ ಚೆನ್ನಾಗಿದೆ. ಈ ಗೀಟು ಅಕ್ಷರ ಅಲ್ಲ, ನಿಮ್ಮ ಬರಹದಲ್ಲಿ ತಪ್ಪಾಗಿ ಬಿದ್ದಿದೆ. ತೆಗೆದಿದೀನಿ," ಅಂತ ಒಬ್ಬ ಬರೆದಿದ್ದ.

ಟೀಚರ್ ಕನ್ನಡಕ ಏರಿಸಿ ಕೆಳಗಿನ ಸಹಿ ಓದಿದ್ರು. ಓ'ಹಾಲ್ಪಿನ್.

"ಲೋ ದೆರ್ಲಿಸ್, ಇವನ ಹೆಸರಲ್ಲೇ ಗೀಟು ಇದೆಯಲ್ಲೋ."

"ಇದೆ ಟೀಚರ್."

"ಅದು ತಪ್ಪಾಗಿ ಬಿದ್ದಿದ್ದಲ್ವಂತಾ?"

ದೆರ್ಲಿಸ್‌ಗೆ ಕಿವಿ ಬಿಸಿಯಾಯ್ತು. ಅಜ್ಜಿ ಮುತ್ತಜ್ಜಿ ಆಡಿದ ಮಾತು. ಒಂದು ಸಲ ಕೇಳ್ಬಹುದಿತ್ತಲ್ಲ, ಇದೇನಪ್ಪಾ ಅಂತ? ಅಲ್ಲೇ ಕೂತು ಬರೆದ: "ಪುಸೊ ಹಾಕಿ. ಇಲ್ಲಾಂದ್ರೆ ನನ್ನ ಹೆಸರು ತೆಗೀರಿ."

ಮಾರನೇ ದಿನ ಹೆಸರು ತೆಗೆದ್ರು. ಅಷ್ಟು ಸಲೀಸು ಅವರಿಗೆ.

"ಈಗ?" ಅಂದ್ಲು ನಿಮಿಯಾ.

"ನಾನು ಬರೆದಿದ್ದು ನನ್ನ ಹತ್ರಾನೇ ಇದೆ."

ಅಂಗಡಿ ಬಾಗಿಲು ಎಳೆದು ಬಸ್ಸು ಹತ್ತಿದ. ಮೊದಲ್ನೇ ಶಾಲೆಯಲ್ಲಿ ಹನ್ನೊಂದು ಕಂಪ್ಯೂಟರು. ಪುಸೊ ಇರೋ ತನ್ನ ಮೆಥಡ್ಡನ್ನ ಒಂದೊಂದಕ್ಕೂ ಕೈಯಾರೆ ಹಾಕಿದ. ಇನ್ನೂ ನಲವತ್ತು ಶಾಲೆ ಬಾಕಿ ಇತ್ತು. ಸಿಟ್ಟು ಇಳಿದಿರ್ಲಿಲ್ಲ, ಅದಕ್ಕೇ ಆಯಾಸ ಗೊತ್ತಾಗ್ಲಿಲ್ಲ.