ಹಮ್ಮಾಮಿನ ಹೊಗೆ

ನಮ್ಮ ಮೊಹಲ್ಲಾದ ಮಸೀದಿಯ ಹಮ್ಮಾಮಿಗೆ ಬೆಂಕಿ ಹಾಕುತ್ತಿದ್ದವನು ಖಜರ್ ಮೀರ್. ಕಲ್ಲುಹಾಸಿನ ಅಡಿಯಲ್ಲಿ ಅವನು ಸೌದೆ ಉರಿಸಿದರೆ ಮೇಲಿನ ಕೋಣೆಯೂ ಕೈಕಾಲು ತೊಳೆಯುವ ನೀರೂ ಬೆಚ್ಚಗಾಗುತ್ತಿದ್ದುವು. ಚಿಲ್ಲೈ ಕಲಾನಿನ ನಲವತ್ತು ದಿನಗಳ ಕಡುಚಳಿ ಹಿಡಿಯಿತೆಂದರೆ ಮುದುಕರೆಲ್ಲ ಬೆಳಗಿನ ನಮಾಜು ಮುಗಿಸಿ ಆ ಕಲ್ಲಿನ ಮೇಲೆಯೇ ಕಾಲು ಚಾಚುವರು. ಯಾರ ತಗಡಿನ ಮಾಡಿನಿಂದ ಹಿಮ ಜಾರಿ ಯಾರ ತಲೆಯ ಮೇಲೆ ಬಿತ್ತು, ಹೆದ್ದಾರಿ ಯಾವಾಗ ತೆರೆದೀತು, ಎಲ್ಲದರ ತೀರ್ಮಾನವೂ ಅಲ್ಲೇ. ನಾನು ಪಾಠ ಹೇಳುವ ಶಾಲೆಗೆ ಚಳಿಗಾಲದ ರಜೆ ಬಂದೊಡನೆ ನಾನೂ ಒಂದು ಮೂಲೆ ಹಿಡಿಯುತ್ತಿದ್ದೆನು.

ಖಜರನ ಹುಬ್ಬಿನಲ್ಲಿ ಸದಾ ಬೂದಿ. ಮಾತು ಕಡಿಮೆ, ನಗು ಹೆಚ್ಚು. ಅವನ ಮನೆ ಹಮ್ಮಾಮಿನ ಹೊಗೆಗೂಡಿನ ಬೆನ್ನಿಗೇ ಇದ್ದಿತು. ಹೆಂಡತಿ ಸಾಜಾಳಿಗೆ ಉಬ್ಬಸ. ಬೇಸಗೆಯಲ್ಲಿ ಸೇಬಿನ ಬುಟ್ಟಿ ಹೊರುವ ಹೆಂಗಸು ಚಳಿಗಾಲದಲ್ಲಿ ದಿಂಬಿಗೊರಗಿ ಕುಳಿತೇ ನಿದ್ದೆ ಮಾಡಬೇಕಾಗಿತ್ತು.

ಸೌದೆಯನ್ನು ಮೊಹಲ್ಲಾದ ಮನೆಗಳವರು ಸರದಿಯಂತೆ ಕೊಡುವುದು ವಾಡಿಕೆ. ಒಣಗಿದ್ದು ಸ್ವಂತ ಒಲೆಗೆ, ಹಸಿ ಕೊಂಬೆ ಮಸೀದಿಗೆ, ಅದೂ ವಾಡಿಕೆಯೇ. ದೇವರ ಮನೆಗೆ ಕೊಟ್ಟದ್ದನ್ನು ಬೇಡವೆನ್ನುವಂತಿರಲಿಲ್ಲ.

ಆ ವರ್ಷ ಹಿಮ ಬಿದ್ದು ದಾರಿಗಳೆಲ್ಲ ಮುಚ್ಚಿದುವು. ಗಾಳಿ ಅಲುಗಲಿಲ್ಲ. ಊರಿನ ಹೊಗೆಯೆಲ್ಲ ಬೆಟ್ಟಗಳ ನಡುವೆ, ಮುಚ್ಚಳ ಹಾಕಿದ ಪಾತ್ರೆಯೊಳಗಿನಂತೆ, ನಿಂತುಬಿಟ್ಟಿತು. ಸಾಜಾಳ ತುಟಿ ನೀಲಿಗಟ್ಟಿತು.

"ಹೊಗೆ ತಾಗದ ಹಾಗೆ ನೋಡ್ಕೋ ಖಜರ್. ಇಲ್ದಿದ್ರೆ ಈ ಚಳಿಗಾಲ ದಾಟೋದು ಕಷ್ಟ" ಎಂದರು ವೈದ್ಯರು. ಅವಳ ತವರಿನ ದಾರಿಯೂ ಹಿಮದಡಿ ಹೂತಿದ್ದಿತು.

ಆ ವಾರದ ಸರದಿ ಮಸೀದಿ ಕಮಿಟಿಯ ಹಿರಿಯರಾದ ಹಾಜಿ ಸೋನಾವುಲ್ಲಾರದು. ಅವರ ಹಿತ್ತಿಲಿನಿಂದಲೇ ಕೈಗಾಡಿ ತುಂಬ ಸೌದೆ ಬಂದಿತು. ಖಜರ್ ಒಂದು ಕೊಂಬೆಯನ್ನು ಮುರಿಯಲು ನೋಡಿದನು. ಅದು ಬಾಗಿತೇ ಹೊರತು ಮುರಿಯಲಿಲ್ಲ. ಮರುದಿನ ಅವನು ಬೆಂಕಿ ಹಾಕಲೇ ಇಲ್ಲ.

"ಏ ಖಜರಾ! ನಮ್ಮನ್ನ ಜೀವಂತ ಹೂಳೋಕೆ ಹೊರಟಿದ್ದೀಯೇನೋ? ಈ ಕಲ್ಲಿನ ಮೇಲೆ ಹೆಣಾನೂ ನಡುಗುತ್ತೆ!" ಎಂದು ಮುದುಕರಲ್ಲೊಬ್ಬರಾದ ರಮ್ಜಾನ್ ಕಾಕ ಕೂಗಿದರು.

"ನನ್ನ ಸೌದೆ ನಿನಗೆ ರುಚಿಸಲಿಲ್ವೋ?" ಎಂದರು ಹಾಜಿ.

"ರುಚಿ ನೋಡೋಳು ಸಾಜಾ, ಹಾಜಿ ಸಾಹೇಬ್ರೆ. ನಮ್ಮನೇಲಿ ಉಪ್ಪಿನ ಚಹಾ ಕುದೀತಿದೆ, ಎಲ್ರೂ ಹೋಗಿ ಕೂತಿರಿ. ನಾನು ಬೆಂಕಿ ಹಚ್ಚಿ ಬರ್ತೀನಿ."

ಸಾಜಾಳನ್ನು ಅವನು ಆಗಲೇ ನಮ್ಮ ಮನೆಗೆ ಕಳುಹಿಸಿದ್ದನು. ನಾಲ್ಕು ದಿನ ಇಲ್ಲೇ ಇರೆಂದು ನನ್ನ ಹೆಂಡತಿ ಹೇಳಿದರೆ, "ನನ್ನ ಬಾಗಿಲು ಕಣ್ಣೆದುರಿಗೇ ಇರೋವಾಗ ಇನ್ನೊಬ್ಬರ ಮನೇಲಿ ಮಲಗೋದಾ ಅಕ್ಕ?" ಎನ್ನುವಳು.

ನಾವೆಲ್ಲ ಕೆಂಡದ ಬುಟ್ಟಿಯಾದ ಕಾಂಗ್ಡಿಯನ್ನು ಫೆರನ್ ನಿಲುವಂಗಿಯೊಳಗೆ ಅವಚಿಕೊಂಡು ಅವಳ ಕೋಣೆಯಲ್ಲಿ ಕುಳಿತೆವು. ಕಿಟಕಿಗೆ ಪ್ಲಾಸ್ಟಿಕ್ಕು ಬಡಿದಿದ್ದರೂ ಎರಡನೆಯ ಬಟ್ಟಲು ಚಹಾ ಮುಗಿಯುವಷ್ಟರಲ್ಲಿ ಹೊಗೆ ಬಂದಿತು. ಮೊದಲು ನಾನು ಕೆಮ್ಮಿದೆನು. ಆಮೇಲೆ ಎಲ್ಲರೂ.

"ಹಾಜಿ, ನಿಮ್ಮ ಪುಣ್ಯ ನನ್ನ ಮೂಗಿಗೇರ್ತಿದೆ" ಎಂದರು ರಮ್ಜಾನ್ ಕಾಕ.

ಹಾಜಿಯವರು ಕಣ್ಣೊರಸಿಕೊಂಡು, ಅಷ್ಟುಹೊತ್ತಿಗೆ ಬಂದು ಹೊಸ್ತಿಲಲ್ಲಿ ನಿಂತಿದ್ದ ಖಜರನನ್ನು ನೋಡಿದರು. "ದಾರಿ ಮುಚ್ಚಿದೆ. ಈಗ ಒಣ ಸೌದೆ ಎಲ್ಲಿಂದ ತರ್ಲಿ ಹೇಳು?"

"ತರೋದು ಬೇಡ. ಮಧ್ಯಾಹ್ನ ಬಿಸಿಲು ಬಿದ್ಮೇಲೆ ಹೊಗೆ ಸ್ವಲ್ಪ ಮೇಲಕ್ಕೇಳುತ್ತೆ. ಆಗಷ್ಟೇ ಉರಿಸ್ತೀನಿ, ಒಪ್ಪಿಗೆ ಕೊಡಿ."

"ಬೆಳಿಗ್ಗೆ ನಮ್ಮ ಮೂಳೆ ಗತಿಯೇನೋ?"

"ಕಾಂಗ್ಡಿ ತನ್ನಿ ಕಾಕ."

ಹಾಜಿಯವರು ಮತ್ತೊಮ್ಮೆ ಕೆಮ್ಮಿದರು. "ಆಗ್ಲಿ. ಮಧ್ಯಾಹ್ನವೇ ಹಾಕು" ಎಂದರು.

ಚಳಿಗಾಲ ಮುಗಿಯುವವರೆಗೂ ಹಾಗೆಯೇ ನಡೆಯಿತು. ತಣ್ಣೀರಿನಲ್ಲಿ ಕಾಲು ತೊಳೆಯುವಾಗಲೆಲ್ಲ ರಮ್ಜಾನ್ ಕಾಕ ಖಜರನ ಏಳು ತಲೆಮಾರನ್ನು ಬಯ್ಯುತ್ತಿದ್ದರು. ಸಾಜಾ ಪೂರ್ತಿ ಗುಣವಾಗಲಿಲ್ಲ. ಅದು ಗುಣವಾಗುವ ಕಾಯಿಲೆಯೂ ಅಲ್ಲ. ಆದರೆ ಬಾದಾಮಿ ಹೂಬಿಟ್ಟಾಗ ಅಂಗಳಕ್ಕೆ ಬಂದು ಕುಳಿತಳು. ಹಾಜಿಯವರ ಆಳು ಮುಂದಿನ ಚಳಿಗಾಲದ ಸೌದೆಯನ್ನು ಮಸೀದಿಯ ಹಿಂದೆ ಒಣಗಲು ಒಟ್ಟುತ್ತಿದ್ದನು.

"ಆ ನೆರಳಲ್ಲಿ ಯಾಕಪ್ಪಾ ಒಟ್ತೀಯ? ಬಿಸಿಲಿಗೆ ಹಾಕು, ಬಿಸಿಲಿಗೆ!" ಎಂದು ಕುಳಿತಲ್ಲಿಂದಲೇ ಕೂಗುತ್ತಿದ್ದಳು.