ರಾಬಿಯಾ ಬಿಡದ ಮಾತು

ಶಹಾಪುರದ ರಾಬಿಯಾಳದು ಮನೆಯಲ್ಲಿ ದಖನಿ ಉರ್ದು, ರಂಗದ ಮೇಲೆ ಅಚ್ಚ ಕನ್ನಡ. ನಾಟಕ ಕಂಪನಿಯಲ್ಲಿ ತಬಲಾ ನುಡಿಸುತ್ತಿದ್ದ ಅಪ್ಪನ ಪಕ್ಕದಲ್ಲಿ ಕೂತು, ಓದು ಬರೆಹಕ್ಕಿಂತ ಮೊದಲೇ ಮಾತುಗಳನ್ನು ಬಾಯಿಪಾಠ ಮಾಡಿದವಳು. ಕಂಪನಿ ಮುಚ್ಚಿದ ಮೇಲೂ ಸುರಪುರ, ಯಾದಗಿರಿ ಸೀಮೆಯ ಹಳ್ಳಿಗಳಲ್ಲಿ ನಾಟಕ ಆಡುವವರು ಹೆಣ್ಣು ಪಾತ್ರಕ್ಕೆ ಅವಳನ್ನೇ ಕರೆಸುತ್ತಿದ್ದರು. ಮೊದಲು ನಾಯಕಿ, ಆಮೇಲೆ ಅತ್ತಿಗೆ, ಐವತ್ತು ದಾಟಿದ ಮೇಲೆ ತಾಯಿ.

ಕಳೆದ ವರ್ಷ ವನದುರ್ಗದ ಕಡೆಯ ಹಳ್ಳಿಯೊಂದರಿಂದ ಬುದ್ಧಪ್ರಿಯ ಎಂಬ ಮಾಸ್ತರ ಬಂದ. ಆ ಊರ ದಲಿತ ಕೇರಿಯಲ್ಲಿ ಹುಟ್ಟಿ ಬೆಳೆದವನು. ತಾನೇ ಬರೆದ ನಾಟಕದಲ್ಲಿ ರಾಜಮಾತೆಯ ಪಾರ್ಟು ಮಾಡಬೇಕೆಂದು ಕೇಳಿದ. ಊರ ಕೆರೆಗೆ ಬೇಲಿ ಹಾಕಿ ಬೀಗ ಜಡಿದ ರಾಜನ ಕಥೆ ಅದು. ಕೊನೆಯಲ್ಲಿ ತಾಯಿ ಮಗನ ಕೈಯ ನೀರನ್ನೇ ಬೇಡವೆನ್ನುತ್ತಾಳೆ.

ರಾಜ ಯಾರೆಂದು ಊರಿಗೆಲ್ಲ ಗೊತ್ತಿತ್ತು. ಶ್ರೀಮಂತ ಎಂಬ ಹೆಸರಿನ ಊರ ಮುಖಂಡ ಸರಕಾರದ ಶುದ್ಧ ನೀರಿನ ಘಟಕವನ್ನು ತನ್ನ ಕಾಂಪೌಂಡಿನೊಳಗೆ ಕಟ್ಟಿಸಿಕೊಂಡಿದ್ದ. ಚುನಾವಣೆಯಲ್ಲಿ ತನಗೆ ವೋಟು ಬೀಳಲಿಲ್ಲವೆಂದು ಕೇರಿಯವರಿಗೆ ಗೇಟು ಮುಚ್ಚಿದ್ದ. ನಾಟಕದ ಪೆಂಡಾಲೂ ಮೈಕೂ ಅವನವೇ.

ತಾಲೀಮು ನಡೆದಿದ್ದಾಗ ಅವನು ಬಂದು ರಾಬಿಯಾಳ ಎದುರು ಕುರ್ಚಿ ಎಳೆದುಕೊಂಡ. "ರಾಬಿಯಾಬಾಯಿ, ಆ ನೀರಿನ ಮಾತು ಬಿಡ್ರಿ. ಕಡೀಗಿ ರಾಜ ತಾನಾ ಬೀಗ ತೆಗಿಲಿ, ನೀವು ಅವಗ ಆರತಿ ಮಾಡ್ರಿ. ನಿಮ್ಮ ಮಗಳಿಗಿ ಹಾಸ್ಟೆಲ್‌ನಾಗ ಕೆಲಸ ಬೇಕಂದಿದ್ರಲ್ಲ, ನಾ ನೋಡ್ಕೋತೀನಿ."

"ಬಿಡದಿದ್ರ?"

"ಈ ತಾಲೂಕಿನ್ಯಾಗ ನಿಮಗ ಯಾರೂ ಪಾರ್ಟು ಮಾಡಾಕ ಕರೆಂಗಿಲ್ಲ."

ಮನೆಗೆ ಬಂದು ರಾಬಿಯಾ ಮಗಳು ಗುಡ್ಡಿಗೆ ಎಲ್ಲ ಹೇಳಿದಳು. ಆ ಹಾಸ್ಟೆಲ್ ಕೆಲಸಕ್ಕೆ ಗುಡ್ಡಿ ಎರಡು ವರ್ಷ ಅಲೆದಿದ್ದಳು. ಆದರೂ ಅವಳು, "ಆ ಮಾತು ಬಿಟ್ರ ಮತ್ತ ರಂಗದ ಮ್ಯಾಲ ನಿಂದರಾಕ ನಿನಗ ಆಗ್ತದೇನ ಅಮ್ಮಿ?" ಎಂದಳು. ರಾಬಿಯಾ ಮಗಳ ತಲೆ ಸವರಿ ಒಲೆ ಹೊತ್ತಿಸಿದಳು.

ನಾಟಕದ ಸಂಜೆ ಶ್ರೀಮಂತ ಮುಂದಿನ ಸಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ ಅವನ ತಾಯಿ ಸುಂದ್ರಮ್ಮ. ಕೇರಿಯವರು ಹಿಂದೆ, ನೆಲದ ಮೇಲೆ. ರಾಜನ ಪಾರ್ಟಿನವನು ಚೊಂಬು ಹಿಡಿದು ಬಂದ. ರಾಬಿಯಾ ಅದನ್ನು ಪಕ್ಕಕ್ಕೆ ಸರಿಸಿ ಅಂದಳು:

"ನೀರಿಗೆ ಬೀಗ ಹಾಕಿದ ಕೈಯಿಂದ ನಾನು ನೀರು ಕುಡಿಯಲಾರೆ. ನಿನ್ನನ್ನು ಹೆತ್ತ ತಾಯಿ ಬಾಯಾರಿ ಸತ್ತಳೆಂದು ಡಂಗುರ ಹೊಡೆಸು."

ಮಾತು ಮುಗಿಯುವ ಮೊದಲೇ ಮೈಕು ಸತ್ತಿತು. ಶ್ರೀಮಂತನ ಕಡೆಯವನೊಬ್ಬ ವೈರು ಕಿತ್ತಿದ್ದ. ರಾಬಿಯಾ ರಂಗದ ಅಂಚಿಗೆ ಬಂದು, ಮೈಕಿಲ್ಲದ ಕಾಲದಲ್ಲಿ ಪಳಗಿದ ಕಂಠದಿಂದ ಅದೇ ಮಾತನ್ನು ಮತ್ತೆ ಹೇಳಿದಳು. ಹಿಂದೆ ಕೂತವರಿಗೂ ಒಂದೊಂದು ಅಕ್ಷರ ಕೇಳಿಸಿತು. ಕೇರಿಯ ಹೆಂಗಸರು ಎದ್ದು ನಿಂತರು, ಅವರ ಹಿಂದೆ ಗಂಡಸರು. ಚಪ್ಪಾಳೆ ಪೆಂಡಾಲನ್ನು ತುಂಬಿತು.

ಶ್ರೀಮಂತ ಹೊರಡಲು ಎದ್ದ. ಸುಂದ್ರಮ್ಮ ಅವನ ಅಂಗಿಯ ತುದಿ ಹಿಡಿದಳು.

"ಎಲ್ಲಿಗಿ ಹೊಂಟಿ? ಕುಂದ್ರು. ಆಟ ಇನ್ನ ಮುಗಿದಿಲ್ಲ."

ಊರೆಲ್ಲ ನೋಡುತ್ತಿದ್ದಂತೆ ಅವನು ಕೂತ.

ಮರುದಿನ ಬೆಳಿಗ್ಗೆ ಗೇಟು ತೆರೆದು ನಿಂತವಳು ಸುಂದ್ರಮ್ಮನೇ. ಕೇರಿಯ ಹೆಂಗಸರು ಕೊಡ ಹಿಡಿದು ಒಳಗೆ ನಡೆದರು. ಮಗ ಬಾಗಿಲಲ್ಲಿ ನಿಂತು ನೋಡಿದ, ತಡೆಯಲಿಲ್ಲ. ಗೇಟು ಮತ್ತೆ ಮುಚ್ಚಲಿಲ್ಲ.

ಗುಡ್ಡಿಗೆ ಹಾಸ್ಟೆಲ್ಲಿನ ಕೆಲಸ ಸಿಗಲಿಲ್ಲ. ಈಗ ಕಡೇಚೂರಿನ ಕಾರ್ಖಾನೆಗೆ ಹೋಗುತ್ತಾಳೆ; ದೂರವೆಂದು ಗೊಣಗುತ್ತಾಳೆ, ಆದರೂ ಬಿಡುವುದಿಲ್ಲ. ರಾಬಿಯಾಳನ್ನು ಕರೆಯುವವರು ಕಡಿಮೆಯಾಗಲಿಲ್ಲ. ಈ ಸಲ ಸೈದಾಪುರದ ಕಡೆಯವರು ಬುದ್ಧಪ್ರಿಯನ ನಾಟಕವನ್ನೇ ಆಡಬೇಕೆಂದು ಹಟ ಹಿಡಿದಿದ್ದಾರೆ. ಮೈಕು ತರಬೇಕೋ ಬೇಡವೋ ಎಂದು ಅವರು ಕೇಳಿದಾಗ ರಾಬಿಯಾ ನಕ್ಕಳು.

"ತರ್ರಿ. ಪಾಪ, ರಾಜನ ಪಾರ್ಟು ಮಾಡೋ ಹುಡುಗಗ ಬೇಕಾಗ್ತದ."